ಅನ್ನ ಬಿಟ್ಟರೆ ತೂಕ ಇಳಿಯುವುದೇ?

ತರಗತಿ: 9 | ವಿಷಯ: ವಿಜ್ಞಾನ | ಅವಧಿ: 40 ನಿಮಿಷ
ಪಾಠಾಂಶ: ಪ್ರೋಟೀನ್, ಕಾರ್ಬೋಹೈಡ್ರೇಟ್, ಕೊಬ್ಬುಗಳ ಸಮತೋಲನ

ಪೂರ್ವಜ್ಞಾನ ತಿಳಿಯಲು ನಾನು ಬರೆದುಕೊಂಡಿದ್ದ ಮೊದಲ ಪ್ರಶ್ನೆ, ‘ದಪ್ಪಗಾಗಲು ಯಾವ ಆಹಾರ ಕಾರಣ?’ ಇಡೀ ತರಗತಿ ಒಂದೇ ಸ್ವರದಲ್ಲಿ ‘ಅನ್ನ ಮಿಸ್’ ಎಂದಿತು. ಕೊನೆಯ ಬೆಂಚಿನ ಒಬ್ಬಳು ಮಾತ್ರ ಸುಮ್ಮನಿದ್ದಳು. ‘ಅವಳು ಬಿಸಿಯೂಟದಲ್ಲಿ ಅನ್ನಾನೇ ಮುಟ್ಟಲ್ಲ ಮಿಸ್, ಮೊಟ್ಟೆ ಕೊಟ್ಟ ದಿನ ಮೊಟ್ಟೆ ಮಾತ್ರ. ಸಣ್ಣ ಆಗ್ಬೇಕಂತೆ’ ಎಂದು ಪಕ್ಕದವಳು ಹೇಳಿಬಿಟ್ಟಳು. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ.

ಚಟುವಟಿಕೆಗೆ ಅನ್ನ, ಚಪಾತಿ, ರಾಗಿಮುದ್ದೆ, ಬೇಯಿಸಿದ ಮೊಟ್ಟೆಯ ಬಿಳಿಭಾಗ ಇಟ್ಟು, ಒಂದೊಂದರ ಮೇಲೂ ಅಯೋಡಿನ್ ದ್ರಾವಣದ ಎರಡು ಹನಿ ಹಾಕಿಸಿದೆ. ಅನ್ನ ನೀಲಿಗಪ್ಪಾಯಿತು, ಚಪಾತಿಯೂ ಆಯಿತು. ಮುದ್ದೆ ಮೊದಲೇ ಕಂದು ಬಣ್ಣದ್ದು, ಹಿಂದಿನ ಸಾಲಿಗೆ ಏನೂ ಕಾಣಲಿಲ್ಲ. ಚೂರು ಮುದ್ದೆಯನ್ನು ನೀರಿನಲ್ಲಿ ಕದಡಿ ಪ್ರನಾಳದಲ್ಲಿ ತೋರಿಸಬೇಕಾಯಿತು. (ಈ ಪಾಠ ಮಾಡುವ ಗೆಳೆಯರು ಇದನ್ನು ಮೊದಲೇ ಮಾಡಿಟ್ಟುಕೊಳ್ಳಿ. ಬಿಸಿ ಇರುವಾಗ ಬಣ್ಣ ಬಾರದು, ತಣಿಸಿರಬೇಕು.) ‘ನಮ್ಮಮ್ಮ ಅನ್ನ ಬಿಟ್ಟು ಮೂರು ಚಪಾತಿ ತಿಂತಾರಲ್ಲ ಮಿಸ್?’ ಎಂದ ಒಬ್ಬ. ನನಗೆ ಬೇಕಿದ್ದ ಪ್ರಶ್ನೆ ಇದೇ. ಅಕ್ಕಿ, ಗೋಧಿ, ರಾಗಿ ಮೂರರಲ್ಲೂ 100 ಗ್ರಾಂಗೆ ಸುಮಾರು 320ರಿಂದ 360 ಕಿಲೋಕ್ಯಾಲೊರಿ ಶಕ್ತಿಯಿದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು ನಿಜ, ಆದರೆ ತೂಕದ ವಿಷಯದಲ್ಲಿ ಎಷ್ಟು ತಿಂದೆವು ಎಂಬುದನ್ನು ಬಿಟ್ಟು ಲೆಕ್ಕ ಹಾಕಲಾಗದು.

ಕಪ್ಪುಹಲಗೆಯ ಮೇಲೆ ಬರೆದೆ: 1 ಗ್ರಾಂ ಕಾರ್ಬೋಹೈಡ್ರೇಟ್ 4, ಪ್ರೋಟೀನ್ 4, ಕೊಬ್ಬು 9 ಕಿಲೋಕ್ಯಾಲೊರಿ. 5 ಗ್ರಾಂ ಎಣ್ಣೆಗೆ 45 ಎಂದು ಮಕ್ಕಳೇ ಗುಣಿಸಿದರು. ‘ಹಾಗಾದ್ರೆ ಎಣ್ಣೆ ಪೂರ್ತಿ ಬಿಡಬೇಕಾ?’ ಬೇಡ, ಎ, ಡಿ, ಇ, ಕೆ ಜೀವಸತ್ವಗಳನ್ನು ದೇಹ ಹೀರಿಕೊಳ್ಳಲು ಕೊಬ್ಬು ಬೇಕು.

ಮುಂದಿನ ಉದಾಹರಣೆ, ತೂಕ ಇಳಿಸಬೇಕಾದ ಒಬ್ಬ ವಯಸ್ಕರು ದಿನಕ್ಕೆ 1600 ಕಿಲೋಕ್ಯಾಲೊರಿ ತೆಗೆದುಕೊಳ್ಳುತ್ತಾರೆ ಎಂಬುದು. ಅರ್ಧ ಭಾಗ ಕಾರ್ಬೋಹೈಡ್ರೇಟ್ ಎಂದರೆ 200 ಗ್ರಾಂ, ಶೇ. 20 ಪ್ರೋಟೀನ್, 80 ಗ್ರಾಂ, ಉಳಿದ ಶೇ. 30 ಕೊಬ್ಬು, ಸುಮಾರು 53 ಗ್ರಾಂ. ಊಟ ಕಡಿಮೆ ಮಾಡಿದಾಗ ಪ್ರೋಟೀನ್ ಸಾಕಷ್ಟಿರದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಹೆಚ್ಚು ಕರಗುತ್ತದೆ. ಪ್ರೋಟೀನ್ ಇದ್ದರೆ ಹೊಟ್ಟೆ ತುಂಬಿದ ಭಾವವೂ ಹೆಚ್ಚು ಹೊತ್ತು ಉಳಿಯುತ್ತದೆ. ನಮ್ಮ ಮನೆಗಳಲ್ಲಿ ತಟ್ಟೆ ತುಂಬ ಅನ್ನ, ಅದರ ಮೇಲೆ ತಿಳಿಸಾರು. ಬೇಳೆ ಪಾತ್ರೆಯ ತಳದಲ್ಲೇ ಉಳಿದಿರುತ್ತದೆ!

ವೀಕ್ಷಣೆಗೆ ಕುಳಿತಿದ್ದ ಮೇಡಂ ಪಾಠದ ನಂತರ ಕೇಳಿದ್ದು ಒಂದೇ: ‘ಆ 1600 ಯಾರ ಲೆಕ್ಕ? ಹಿಂದಿನ ಬೆಂಚಿನವಳು ಅದನ್ನು ಬರೆದುಕೊಂಡಳು, ನೋಡಿದಿರಾ?’ ನಾನು ನೋಡಿರಲಿಲ್ಲ. ವಯಸ್ಕರ ಲೆಕ್ಕ ಎಂದು ಒಮ್ಮೆ ಬಾಯಲ್ಲಿ ಹೇಳಿದ್ದೆ, ಹಲಗೆಯ ಮೇಲೆ ಬರೆದಿರಲಿಲ್ಲ. ತಪ್ಪು ನನ್ನದೇ.

ಮರುದಿನ ಮೊದಲ ಹತ್ತು ನಿಮಿಷ ಅದಕ್ಕೇ ಕೊಟ್ಟೆ. ಎತ್ತರ ಬೆಳೆಯುತ್ತಿರುವ ವಯಸ್ಸಿನಲ್ಲಿ ಊಟ ಬಿಟ್ಟು ತೂಕ ಇಳಿಸುವಂತಿಲ್ಲ. ಮುಟ್ಟು ಆರಂಭವಾದ ಹುಡುಗಿಯರಿಗೆ ಕಬ್ಬಿಣಾಂಶವೂ ಹೆಚ್ಚು ಬೇಕು. ಶಕ್ತಿ ಸಾಲದಿದ್ದರೆ ದೇಹ ತಿಂದ ಪ್ರೋಟೀನನ್ನೇ ಉರಿಸುತ್ತದೆ, ಬೆಳವಣಿಗೆಗೆ ಉಳಿಯುವುದಿಲ್ಲ. ಅಂದರೆ ಅನ್ನ ಬಿಟ್ಟು ತಿಂದ ಮೊಟ್ಟೆಯೂ ಉರುವಲೇ. ತೂಕದ ಚಿಂತೆಯಿದ್ದರೆ ವೈದ್ಯರು ವಯಸ್ಸು, ಎತ್ತರ ನೋಡಿ ಹೇಳಬೇಕು. ಯಾರ ಹೆಸರನ್ನೂ ಎತ್ತಲಿಲ್ಲ. ತರಗತಿ ಶಿಕ್ಷಕಿಗೆ ಮಾತ್ರ ಪ್ರತ್ಯೇಕವಾಗಿ ತಿಳಿಸಿದೆ.

ಮಧ್ಯಾಹ್ನ ಬಡಿಸುವ ಸಾಲಿನಲ್ಲಿ ಅವಳೇ ಹತ್ತಿರ ಬಂದಳು. ‘ಮಿಸ್, ಸಾಂಬಾರನ್ನ ತಳದಿಂದ ಕಲಕಿ ಹಾಕಿ ಅಂತ ಕೇಳಬಹುದಾ?’ ಕೇಳು ಎಂದೆ. ಅನ್ನ ಸ್ವಲ್ಪವೇ ಹಾಕಿಸಿಕೊಂಡಳು, ಆದರೆ ಹಾಕಿಸಿಕೊಂಡಳು.