ಧ್ಯಾನಕೂಟದಿಂದ ಮರಳಿದ ಮೇಲೆ



ಧ್ಯಾನಕೂಟದಲ್ಲಿ ದೊರೆತ ಚಿತ್ತಪ್ರಸನ್ನತೆಯು ಮುಂಡರಗಿಯ ಮನೆಗೆ ಮರಳಿದ ಕೆಲವೇ ವಾರಗಳಲ್ಲಿ ಶಾಲೆ, ಅಡುಗೆ, ಅತ್ತೆಯವರ ಔಷಧೋಪಚಾರಗಳ ನಡುವೆ ಕರಗಿಹೋಯಿತೆಂದೂ, ಆ ಬಳಗದೊಡನೆ ನಂಟನ್ನು ಉಳಿಸಿಕೊಳ್ಳುವ ಬಗೆ ಕಾಣದೆಂದೂ ಬರೆದಿರುವಿರಿ. ಪ್ರಸನ್ನತೆ ಕರಗಿದುದಕ್ಕೆ ನಾನು ಮರುಗಲಾರೆ, ಅದು ಕರಗತಕ್ಕುದೇ. ನಂಟಿನ ಮಾತು ಬೇರೆ, ಅದನ್ನು ಉಳಿಸುವುದು ಜೊತೆಗೂಡಿ ಮಾಡಿದ ಕೆಲಸ.

ಮಿಷನರಿ ಸ್ಟ್ಯಾನ್ಲಿ ಜೋನ್ಸರು 1930ರಲ್ಲಿ ನೈನಿತಾಲದ ಸಮೀಪ ಸಾತ್‌ತಾಲದಲ್ಲಿ ಸ್ಥಾಪಿಸಿದ ಕ್ರೈಸ್ತಾಶ್ರಮದಲ್ಲಿ, ಜಾಡಮಾಲಿಗೆ ಒಂದು ದಿನ ಬಿಡುವು ಕೊಟ್ಟು, ಆತನ ಕೆಲಸವನ್ನು ಆಶ್ರಮವಾಸಿಗಳೇ ಅಂತಸ್ತಿನ ಭೇದವೆಣಿಸದೆ ಮಾಡುವ ಪದ್ಧತಿಯಿದ್ದಿತು. ಪ್ರವಚನಗಳಿಗಿಂತ ಆ ಪೊರಕೆಯೇ ಅವರನ್ನು ಹೆಚ್ಚಾಗಿ ಬೆಸೆದಿರಬೇಕೆಂದು ನನ್ನ ಎಣಿಕೆ. ಆದುದರಿಂದ ಮುಂದಿನ ಕೂಟದಲ್ಲಿ ನಿಮಗೊಂದು ಕೆಲಸವನ್ನು ಕೇಳಿ ಪಡೆಯಿರಿ: ರೊಟ್ಟಿ ಬಡಿಯುವುದಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿಗಳಿಂದ ಬರುವ ವೃದ್ಧೆಯರನ್ನು ಗದುಗಿನ ಬಸ್ ನಿಲ್ದಾಣದಲ್ಲಿ ಎದುರುಗೊಂಡು ಅವರ ಗಂಟುಮೂಟೆ ಹೊರುವುದಾಗಲಿ.

ಬಾಸೆಲ್ ಮಿಷನ್ನಿನವರು 1841ರಲ್ಲಿ ನೆಲೆಯೂರಿದ ಬೆಟಗೇರಿಗೆ ಬಳಗದೊಡನೆ ಕೂಡಲು ಪ್ರತಿ ಭಾನುವಾರ ಹೋಗುವುದು ನಿಮಗೆ ಅಸಾಧ್ಯವಾದರೆ ತಿಂಗಳಿಗೊಮ್ಮೆ ಹೋಗಿರಿ. ಉಳಿದ ವಾರಗಳಲ್ಲಿ ಇಬ್ಬರು ಮೂವರು ಊರಲ್ಲಿಯೇ ನಿಯತ ದಿನ, ನಿಯತ ವೇಳೆಗೆ ಕೂಡಿ, ಒಂದು ಅಧ್ಯಾಯವನ್ನೋದಿ, ಒಂದು ಕೀರ್ತನೆ ಹಾಡಿ, ಚಹಾ ಕುಡಿದು ಏಳಿರಿ. ಗದುಗಿನ ತೋಂಟದಾರ್ಯ ಮಠದ ಶಿವಾನುಭವಕ್ಕೆ ಸೋಮವಾರವೆಂಬುದು ನಿಶ್ಚಿತವಾಗಿರುವಂತೆ, ನಿಮ್ಮ ಕೂಟಕ್ಕೂ ಒಂದು ದಿನ ನಿಶ್ಚಿತವಾಗಲಿ.

ಅತ್ತೆಯವರ ಶುಶ್ರೂಷೆಯನ್ನು ಬಿಟ್ಟು ಬರಬೇಕೆಂದಾಗಲಿ, ಊರಿನ ಸಭೆ ಬೇಡವೆಂದಾಗಲಿ ಬಳಗದಲ್ಲಿ ಯಾರಾದರೂ ನುಡಿದರೆ ಕಿವಿಗೊಡಬೇಡಿರಿ. ವಿಷಯವನ್ನು ನಿಮ್ಮ ಸಭಾಪಾಲಕರ ಮುಂದಿಡಿರಿ.