ಮೂರು ಅಂಕ ಕಡಿಮೆ ಬಿದ್ದಾಗ

ಪ್ರಶ್ನೆ: ಸಿ.ಎ. ಇಂಟರ್‌ಮೀಡಿಯಟ್ ಮೊದಲ ಗ್ರೂಪಿನಲ್ಲಿ 300ಕ್ಕೆ 147 ಬಂದಿದೆ. ಮರುಮೌಲ್ಯಮಾಪನಕ್ಕೆ ಹಾಕಲೇ? – ವಿದ್ಯಾರ್ಥಿನಿ, ದೇವಿಕೊಪ್ಪ

ಉತ್ತರ: ಪ್ರತಿ ವಿಷಯದಲ್ಲಿ 40 ಬಂದಿದ್ದರೂ ಗ್ರೂಪಿನ ಒಟ್ಟು ಶೇಕಡಾ 50 ಆಗಲೇಬೇಕು, ಮೂರು ಅಂಕಕ್ಕೆ ಅದು ತಪ್ಪಿದಾಗಿನ ಸಂಕಟ ಸಣ್ಣದಲ್ಲ ತಂಗಿ. ಆದರೆ ಪಿಯುಸಿಯಲ್ಲಿರುವ ಮರುಮೌಲ್ಯಮಾಪನ ಇಲ್ಲಿಲ್ಲ. 1988ರ ಚಾರ್ಟರ್ಡ್ ಅಕೌಂಟೆಂಟ್ಸ್ ನಿಯಮಾವಳಿಯ 39ನೇ ನಿಯಮ ಕೊಡುವುದು ಅಂಕಗಳ ಪರಿಶೀಲನೆಯನ್ನು ಮಾತ್ರ: ಯಾವುದಾದರೂ ಉತ್ತರಕ್ಕೆ ಅಂಕ ಹಾಕುವುದು ಬಿಟ್ಟುಹೋಗಿದೆಯೇ, ಕೂಡಿಸಿದ್ದು ಸರಿಯೇ ಎಂದು ನೋಡುತ್ತಾರೆ. ಪರೀಕ್ಷಕರು ಐದು ಕೊಟ್ಟಲ್ಲಿ ಎಂಟು ಬರಬೇಕಿತ್ತೆಂಬ ವಾದ ಅಲ್ಲಿ ನಡೆಯದು.

ಹಾಗಾದರೆ ಅರ್ಜಿಗೆ ಕಟ್ಟುವ ದುಡ್ಡು ದಂಡವಲ್ಲವೇ ಎಂದು ಮನೆಯವರು ಕೇಳಬಹುದು. ಅಲ್ಲ. ಮೌಲ್ಯಮಾಪನವಾದ ಉತ್ತರಪತ್ರಿಕೆ ನೋಡುವ ಹಕ್ಕು ಪರೀಕ್ಷಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ದೃಢೀಕೃತ ಪ್ರತಿ ತರಿಸಿದರೆ ಯಾವ ಹಂತಕ್ಕೆ ಅಂಕ ಬಿತ್ತು, ಎಲ್ಲಿ ಟಿಪ್ಪಣಿ ಬರೆಯದೆ ಕಳೆದುಕೊಂಡಿರಿ ಎಂಬುದು ಕಣ್ಣಿಗೆ ಕಾಣುತ್ತದೆ. ಸೋತವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಪ್ರತಿ ಬಂದ ಮೇಲೆ ಪರಿಶೀಲನೆಗೆ ಹಾಕೋಣವೆಂದು ಕಾಯಬೇಡಿ. ಫಲಿತಾಂಶದಿಂದ ಒಂದು ತಿಂಗಳೊಳಗೆ ಎರಡಕ್ಕೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಗಡುವು ಮೀರಿದರೆ ನ್ಯಾಯವಾದ ದೂರಿಗೂ ದಾರಿಯಿಲ್ಲ.

ನ್ಯಾಯಾಲಯಕ್ಕೆ ಹೋಗಬಾರದೇ ಎಂದರೆ, ನಿಯಮದಲ್ಲಿಲ್ಲದ ಮರುಮೌಲ್ಯಮಾಪನಕ್ಕೆ ಕೋರ್ಟುಗಳು ಸುಲಭವಾಗಿ ಆದೇಶಿಸುವುದಿಲ್ಲ. ಅದಕ್ಕಿಂತ ಮತ್ತೆ ಬರೆಯುವುದೇ ಹತ್ತಿರದ ದಾರಿ: ಇಂಟರ್‌ಮೀಡಿಯಟ್ ಪರೀಕ್ಷೆ ಈಗ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಯಾವುದಾದರೂ ವಿಷಯದಲ್ಲಿ 60 ಅಥವಾ ಹೆಚ್ಚು ಬಂದಿದ್ದರೆ ಅದರ ವಿನಾಯಿತಿ ಉಳಿದಿರುತ್ತದೆ. ಅರ್ಜಿ ಹಾಕಿ, ಅಂದಿನಿಂದಲೇ ಓದನ್ನೂ ಹಿಡಿಯಿರಿ.