ಮೊದಲು ರಕ್ತ ಪರೀಕ್ಷೆ ಮಾಡಿಸಿ, ತಂಗಿ

ಪ್ರಶ್ನೆ: ನನಗೆ 34 ವರ್ಷ, ಇಬ್ಬರು ಮಕ್ಕಳು. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು ಹೊಲಕ್ಕೆ ಹೋದರೆ ಮನೆ ಸೇರುವುದು ಸಂಜೆಗೆ. ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಮುಟ್ಟು ಎಂಟೊಂಬತ್ತು ದಿನ ನಿಲ್ಲುವುದಿಲ್ಲ. ವರ್ಷದಿಂದ ಗಂಡನನ್ನು ಸೇರುವ ಆಸೆಯೇ ಆಗುತ್ತಿಲ್ಲ. ‘ನಿನಗ ನಾ ಬ್ಯಾಡಾಗೇನಿ’ ಎಂದು ಅವರು ನೊಂದುಕೊಳ್ಳುತ್ತಾರೆ. ನನ್ನ ಮನಸ್ಸೇ ಕೆಟ್ಟಿದೆಯೇ?
– ಹೆಸರು ಬೇಡ, ಬಸವನ ಬಾಗೇವಾಡಿ

ಉತ್ತರ: ತಂಗಿ, ನಿಮ್ಮ ಮನಸ್ಸು ಕೆಟ್ಟಿಲ್ಲ. ಏದುಸಿರು, ಸುಸ್ತು, ಏಳು ದಿನ ಮೀರುವ ಮುಟ್ಟು ಒಟ್ಟಿಗಿದ್ದರೆ ಮೊದಲ ಅನುಮಾನ ರಕ್ತಹೀನತೆಯ ಮೇಲೆ. ತಿಂಗಳು ತಿಂಗಳು ಹೆಚ್ಚು ರಕ್ತ ಹೋದರೆ ಕಬ್ಬಿಣಾಂಶ ಬರಿದಾಗಿ ಸ್ನಾಯು, ಮಿದುಳಿಗೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ದಿನದ ದುಡಿಮೆಗೇ ಸಾಲದ ದೇಹದಲ್ಲಿ ಕಾಮದ ಬಯಕೆ ಹಿಂದೆ ಸರಿಯುವುದು ಸಹಜ.

ತಾಲ್ಲೂಕು ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಥೈರಾಯ್ಡ್ ಕುಗ್ಗಿದರೂ ಮುಟ್ಟು ಹೆಚ್ಚಾಗಿ, ಆಸೆ ಬತ್ತಬಹುದು. ಇಷ್ಟು ದಿನ ಮುಟ್ಟು ಹೋಗುವುದಕ್ಕೆ ಗರ್ಭಕೋಶದ ಗಡ್ಡೆಯೂ ಕಾರಣವಿರಬಹುದು. ಸ್ತ್ರೀರೋಗ ವೈದ್ಯರಿಗೆ ತೋರಿಸಲೇಬೇಕು.

ಕಬ್ಬಿಣದ ಮಾತ್ರೆ ಕೊಟ್ಟರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಸುಸ್ತು ಹೋಯಿತೆಂದು ನಡುವೆ ಬಿಡಬೇಡಿ. ಖಾಲಿಯಾದ ಕಬ್ಬಿಣಾಂಶ ತುಂಬಲು ತಿಂಗಳುಗಳೇ ಬೇಕು. ಮಾತ್ರೆ, ಊಟದ ಹಿಂದೆ ಮುಂದೆ ಚಹಾ ಬೇಡ; ಅದು ಕಬ್ಬಿಣ ಹೀರಿಕೊಳ್ಳಲು ಬಿಡುವುದಿಲ್ಲ. ಮೊಳಕೆ ಕಟ್ಟಿದ ಮಡಕಿ ಕಾಳಿನ ಪಲ್ಯಕ್ಕೆ ಇಂಡಿ ಲಿಂಬೆ ಹಿಂಡಿಕೊಂಡು ತಿನ್ನಿ. ಆದರೆ ಊಟವೊಂದೇ ಮಾತ್ರೆಯ ಕೆಲಸ ಮಾಡಲಾರದು.

ನಿಮ್ಮವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ಸುಸ್ತಿನ ಕಾರಣ ವೈದ್ಯರ ಬಾಯಿಂದ ಕೇಳಿದರೆ ಅವರ ಸಂಶಯ ಇಳಿಯುತ್ತದೆ. ಹೋದಾಗಲೇ ಅವರ ಬಿಪಿ, ಸಕ್ಕರೆಯನ್ನೂ ನೋಡಿಸಿ. ಸಕ್ಕರೆ ಕಾಯಿಲೆ ರಕ್ತನಾಳ, ನರಗಳನ್ನು ಕೆಡಿಸಿ ಗಂಡಸರ ನಿಮಿರುವಿಕೆಗೂ ತೊಂದರೆ ಕೊಡಬಹುದು. ಬೆಳಗಿನ ಕೆಲಸದಲ್ಲಿ ಅವರು ಪಾಲು ತೆಗೆದುಕೊಂಡು ನಿಮಗೆ ಒಂದು ತಾಸು ಹೆಚ್ಚು ನಿದ್ದೆ ಸಿಗುವಂತಾಗಲಿ. ಮನಸ್ಸಿಲ್ಲದ ದಿನ ‘ಇವತ್ತು ಬೇಡ’ ಎನ್ನುವ ಹಕ್ಕು ನಿಮಗಿದೆ. ಪಕ್ಕದಲ್ಲಿ ಕೂತು ಮಾತಾಡಿ, ಕೈ ಹಿಡಿಯಿರಿ.

ಮೈ ಸುಧಾರಿಸಿದ ಮೇಲೂ ಬಯಕೆ ಮರಳದಿದ್ದರೆ, ಅಥವಾ ಯಾವುದರಲ್ಲೂ ಮನಸ್ಸು ನಿಲ್ಲದೆ ಅಳು ಬರುತ್ತಿದ್ದರೆ, ಮನೋವೈದ್ಯರನ್ನು ಕಾಣಿ. ಅದಕ್ಕೂ ಮದ್ದಿದೆ. ಪರೀಕ್ಷೆಯನ್ನು ಮಾತ್ರ ಈ ವಾರವೇ ಮಾಡಿಸಿ.